ಅಜ್ಜನ ಕೋವಿ

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಅಂದು ಮನೆಯ ಕೋವಿಯನ್ನು ಒರೆಸಿ, ತೋಕ್ ಪೂ ಮುಡಿಸಿ, ದೀಪದ ಮುಂದಿಟ್ಟು ಪೂಜಿಸುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಕೋವಿಯನ್ನು ಮನೆತನದ ಸೊತ್ತೆಂದು ಕಾಣುವ ವಾಡಿಕೆ ದೂರದ ಅಮೆರಿಕದಲ್ಲೂ ಉಂಟು. ಅಲ್ಲಿನ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಸಣ್ಣ ರೈಫಲು ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬರುತ್ತದೆ. ಅಂಥದೊಂದು ಕೋವಿಯ ಕಥೆಯನ್ನು ಇಂದು ಹೇಳುತ್ತೇನೆ.

1903ರಲ್ಲಿ ವಿಂಚೆಸ್ಟರ್ ಕಂಪನಿ ಒಂದು ಹೊಸ ರೈಫಲನ್ನು ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸಿದವನು ಟಿ. ಸಿ. ಜಾನ್ಸನ್. ನಳಿಗೆಯ ಒಳಗಲ ಅಂಗುಲದ ನೂರರಲ್ಲಿ 22 ಪಾಲು ಮಾತ್ರ. ಕುದುರೆಯನ್ನು ಒಮ್ಮೆ ಎಳೆದರೆ ಒಂದು ಗುಂಡು ಹಾರುತ್ತದೆ. ಖಾಲಿ ಕೊಳವೆ ತಾನೇ ಹೊರಬಿದ್ದು, ಮುಂದಿನ ತೋಟಾ ತಾನೇ ಬಂದು ಕೂರುತ್ತದೆ. ಇದಕ್ಕೇ ಅರೆ ಸ್ವಯಂಚಾಲಿತವೆಂದು ಹೆಸರು. ಇದರ ಯುಕ್ತಿ ಸರಳ. ಮದ್ದು ಉರಿದಾಗ ಗುಂಡು ಮುಂದಕ್ಕೆ ಹೋದಂತೆ ಕೊಳವೆ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ತಡೆಯುವುದು ಬೋಲ್ಟ್ ಎಂಬ ಭಾರವಾದ ಉಕ್ಕಿನ ತುಂಡು, ಅದರ ಬೆನ್ನಿಗೆ ಒಂದು ಸ್ಪ್ರಿಂಗು, ಇಷ್ಟೇ. 1907ರಲ್ಲಿ ಆ್ಯಡ್ ಟಾಪರ್‌ವೈನ್ ಎಂಬ ಗುರಿಕಾರ ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋದಲ್ಲಿ ಈ ಮಾದರಿಯ ಕೋವಿಗಳನ್ನು ಹಿಡಿದು, ಗಾಳಿಗೆಸೆದ 72,500 ಮರದ ತುಂಡುಗಳಿಗೆ ಹತ್ತು ದಿನ ಗುಂಡು ಹಾರಿಸಿದ. ತಪ್ಪಿದವು ಒಂಬತ್ತು ಮಾತ್ರ!

ಈಗ ಹೀಗೆಂದುಕೊಳ್ಳಿ. ಅಜ್ಜ ತೀರಿಕೊಂಡ ಮೇಲೆ ಅಟ್ಟದಲ್ಲಿ ಮೊಮ್ಮಗನಿಗೆ ಈ ಕೋವಿ ಸಿಗುತ್ತದೆ. ಒಮ್ಮೆ ಹಾರಿಸಿ ನೋಡುವ ಆಸೆ. ಅಂಗಡಿಗೆ ಹೋಗಿ ‘ಇಪ್ಪತ್ತೆರಡರ ತೋಟಾ’ ಕೇಳುತ್ತಾನೆ. ಅಂಗಡಿಯವನು ಕೊಡುವುದು ಇಂದು ಎಲ್ಲೆಡೆ ಸಿಗುವ ಲಾಂಗ್ ರೈಫಲ್ ಎಂಬ ತೋಟಾ. ಅಪಾಯವಿರುವುದು ಇಲ್ಲಿಯೇ.

ಆ ಕಾಲದಲ್ಲಿ ಇಪ್ಪತ್ತೆರಡರ ತೋಟಾಗಳಲ್ಲಿ ಕರಿಮದ್ದು ಇನ್ನೂ ಬಳಕೆಯಲ್ಲಿತ್ತು. ಅದರ ಮಸಿ ಇಂಥ ಸೂಕ್ಷ್ಮ ಯಂತ್ರವನ್ನು ಬೇಗ ಕಟ್ಟಿಹಾಕುತ್ತದೆ. ಆದ್ದರಿಂದ ಕಂಪನಿಯವರು ಹೊಗೆಯಿಲ್ಲದ ಮದ್ದಿನ ಬೇರೆಯೇ ತೋಟಾವನ್ನು ಈ ಕೋವಿಗೆಂದು ಮಾಡಿದರು. ಅದರ ಕೊಳವೆ ತುಸು ದಪ್ಪ. ಆ ಅಳತೆಯ ಗೂಡಿನಲ್ಲಿ ಲಾಂಗ್ ರೈಫಲ್ ಸಡಿಲವಾಗಿ ಕೂರುತ್ತದೆ. ಹಾರಿಸಿದರೆ ತೆಳು ಹಿತ್ತಾಳೆ ಉಬ್ಬಿ ಸೀಳಿ, ಬಿಸಿ ಅನಿಲ ಹಾರಿಸಿದವನ ಮುಖದತ್ತ ನುಗ್ಗಬಹುದು. ನೋಟಕ್ಕೆ ಇದರಂತೆಯೇ ಇರುವ 63ನೆಯ ಮಾದರಿ 1933ರಲ್ಲಿ ಬಂತು. ಅದು ಲಾಂಗ್ ರೈಫಲ್ಲಿಗೆಂದೇ ಮಾಡಿದ್ದು. ಹೆಸರು ಒಂದೇ ಇಪ್ಪತ್ತೆರಡು, ರೂಪವೂ ಒಂದೇ, ಆಹಾರ ಮಾತ್ರ ಬೇರೆ. ಆದ್ದರಿಂದ ಮೊದಲು ನಳಿಗೆಯ ಮೇಲಿನ ಅಕ್ಷರಗಳನ್ನು ಓದಬೇಕು. ಅನುಮಾನವಿದ್ದರೆ ಬಲ್ಲ ಕಸಬುದಾರನಿಗೆ ತೋರಿಸಬೇಕು. ಹಳೆಯ ತೋಟಾ ಈಗ ಅಪರೂಪ, ದುಬಾರಿ. ಸಿಗದಿದ್ದರೆ ಕೋವಿ ಸುಮ್ಮನಿರಲಿ.

ಇನ್ನು ಆರೈಕೆಯ ಮಾತು. ಕೈಗೆತ್ತಿಕೊಂಡ ಕೂಡಲೇ ಖಾಲಿಯೇ ಎಂದು ನೋಡುವುದು ಮೊದಲ ನಿಯಮ. ಇದರ ತೋಟಾಗಳ ಕೊಳವೆ ಹಿಂಬದಿಯ ಮರದೊಳಗೆ ಅಡಗಿದೆ. ನಳಿಗೆಯ ಗೂಡು ಬರಿದಾಗಿದ್ದರೂ ಅಲ್ಲೊಂದು ತೋಟಾ ಉಳಿದಿರಬಹುದು. ಮೊದಲು ತಯಾರಾದ ಸುಮಾರು 5,000 ಕೋವಿಗಳಿಗೆ ಸುರಕ್ಷತೆಯ ತಡೆಯೂ ಇರಲಿಲ್ಲ. ಖಾಲಿ ಕೋವಿಯ ಕುದುರೆಯನ್ನು ಆಟಕ್ಕೆ ಎಳೆಯುವುದೂ ಬೇಡ. ಒಳಗಿನ ಮೊಳೆ ಗೂಡಿನ ಅಂಚಿಗೆ ಬಡಿದು ಎರಡೂ ಕೆಡಬಹುದು.

ಹಳೆಯ ನಳಿಗೆಗಳ ಒಳಗು ಕುಳಿಬಿದ್ದಿರುವುದು ಸಾಮಾನ್ಯ. ಆಗಿನ ಕಿಡಿಮದ್ದಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟು ಸುಟ್ಟ ಮೇಲೆ ಉಪ್ಪಿನ ಜಾತಿಯ ವಸ್ತುವಾಗಿ ಉಳಿಯುತ್ತಿತ್ತು. ಮಳೆಗಾಲದಲ್ಲಿ ನಿಮ್ಮ ಅಡಿಗೆಮನೆಯ ಉಪ್ಪು ನೀರಾಗುವುದನ್ನು ಬಲ್ಲಿರಷ್ಟೆ. ನಳಿಗೆಯಲ್ಲಿ ಆದದ್ದೂ ಅದೇ. ಎಣ್ಣೆಗೆ ಈ ಉಪ್ಪು ಕರಗದು, ನೀರಿಗೆ ಮಾತ್ರ ಕರಗುತ್ತದೆ. ಹಳೆಯ ತೋಟಾ ಹಾರಿಸಿದವನು ಮೊದಲು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು. ಅದೂ ಲೇಪದಷ್ಟೇ, ಹೆಚ್ಚಾದ ಎಣ್ಣೆ ಮಸಿಯನ್ನು ಹಿಡಿದು ಬೋಲ್ಟಿನ ಓಟವನ್ನು ತಡೆಯುತ್ತದೆ, ಮರಕ್ಕಿಳಿದು ಅದನ್ನು ಮೆತ್ತಗಾಗಿಸುತ್ತದೆ. ಸಲಾಕೆಯನ್ನು ಮೂತಿಯಿಂದ ತೂರಿಸುವಾಗ ಅಂಚು ಸವೆಯದಂತೆ ನೋಡಬೇಕು. ಅಂಚು ಕೆಟ್ಟರೆ ಗುರಿ ಕೆಟ್ಟಂತೆ. ಕೆಲಸ ಮುಗಿದ ಮೇಲೆ ಕೈ ತೊಳೆಯಬೇಕು. ಆ ಮಸಿಯಲ್ಲಿ ಸೀಸವಿದೆ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬಾರದು. ಚರ್ಮ ತೇವ ಹಿಡಿಯುತ್ತದೆ. ಕೋವಿಗೆ ಒಂದು ಬೀಗ, ತೋಟಾಗಳಿಗೆ ಬೇರೊಂದು ಬೀಗ. ಎರಡು ಬೀಗದ ಕೈಗಳೂ ಮಕ್ಕಳಿಗೆ ನಿಲುಕದಿರಲಿ.

ಹೊಸದರಂತೆ ಹೊಳೆಯಿಸುವ ಹುಚ್ಚಿನಿಂದ ಅನೇಕರು ಉಕ್ಕನ್ನು ಉಜ್ಜಿ ಬಣ್ಣ ಕಟ್ಟಿಸುತ್ತಾರೆ. ಅದರೊಡನೆ ನಳಿಗೆಯ ಮೇಲಿನ ಅಕ್ಷರಗಳೂ ಅಳಿಯುತ್ತವೆ. ಯಾವ ತೋಟಾ ಎಂದು ಮುಂದಿನವನಿಗೆ ಹೇಳಬೇಕಾದ ಅಕ್ಷರಗಳವು. ಈ ಮಾದರಿಯ ತಯಾರಿಕೆ 1932ರಲ್ಲಿ ನಿಂತಿತು. ಮಾಡಿದ್ದು ಸುಮಾರು 1,26,000. ಅವುಗಳಲ್ಲೊಂದು ಕೈಗೆ ಬಂದ ಮೊಮ್ಮಗ ಒಂದು ಚೀಟಿಯಲ್ಲಿ ಅದರ ಮಾದರಿಯನ್ನೂ ತೋಟಾದ ಹೆಸರನ್ನೂ ಬರೆದು ಕೋವಿಗೆ ಕಟ್ಟಿಡಲಿ. ಅಜ್ಜ ಹೇಳದೆ ಹೋದ ಮಾತು ಮುಂದಿನ ಮೊಮ್ಮಗನಿಗೆ ಆ ಚೀಟಿಯಲ್ಲಿ ಸಿಗುತ್ತದೆ.