ಹಳೆಯ ಹಂಚು, ಹಳೆಯ ಫ್ರಿಜ್ಜು

(ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿನ್ನೆ ಸಂಜೆಯ ಚರ್ಚೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಒಂದು ಪ್ರಶ್ನೆ ಎತ್ತಿದಳು. ಹೊಸದನ್ನು ಕೊಳ್ಳುವ ಬದಲು ಬೇರೆಯವರು ಬಳಸಿದ ವಸ್ತುವನ್ನು ಕೊಳ್ಳುವುದು ಪರಿಸರಕ್ಕೆ ಯಾವಾಗಲೂ ಒಳ್ಳೆಯದೇ ಎಂಬುದು ಅವಳ ಪ್ರಶ್ನೆ. ಕೂಡಲೇ ಹೌದೆಂದುಬಿಡಲು ನನಗೂ ಮನಸ್ಸಾಗಿತ್ತು. ಕೊಳ್ಳುಬಾಕತನದ ವಿರುದ್ಧ ಇಷ್ಟು ವರ್ಷ ಮಾತನಾಡುತ್ತ ಬಂದವನಿಗೆ ಆ ಉತ್ತರ ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ಆದರೆ ರಾತ್ರಿ ಮಲಗಿದಾಗ ನಮ್ಮ ಮನೆಗೆ ಬಂದ ಎರಡು ಹಳೆಯ ವಸ್ತುಗಳು ನೆನಪಾದವು. ಒಂದು, ಕೊಟ್ಟಿಗೆಯ ಮಾಡಿಗೆ ಹೊದೆಸಿದ ಹಂಚು. ಇನ್ನೊಂದು, ಅಡುಗೆಮನೆಯ ಮೂಲೆಯಲ್ಲಿ ಹಗಲಿರುಳು ಗುಂಯ್‌ಗುಡುತ್ತಿದ್ದ ಫ್ರಿಜ್ಜು. ಎರಡನ್ನೂ ನಾನು ಸೆಕೆಂಡ್ ಹ್ಯಾಂಡ್ ಆಗಿಯೇ ಕೊಂಡಿದ್ದೆ. ಮೊದಲನೆಯದರ ಬಗ್ಗೆ ನನಗೆ ಇಂದಿಗೂ ಸಂತೋಷವಿದೆ. ಎರಡನೆಯದರ ಬಗ್ಗೆ ಇಲ್ಲ.

ಹಂಚಿನ ಮಾತನ್ನು ಮೊದಲು ಹೇಳುತ್ತೇನೆ. ಮಂಗಳೂರು ಹಂಚಿಗೆ ಒಂದೂವರೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಮೊದಲ ಕಾರ್ಖಾನೆಯನ್ನು ಆರಂಭಿಸಿದರು. ಅನಂತರ ಕರಾವಳಿಯುದ್ದಕ್ಕೂ ಅಂತಹ ಕಾರ್ಖಾನೆಗಳು ಎದ್ದವು. ನದೀದಂಡೆಯ ಜೇಡಿಮಣ್ಣು ಮತ್ತು ಕಾಡಿನ ಸೌದೆ, ಇವೆರಡು ಆ ಉದ್ಯಮದ ಆಧಾರ. ಹುಲ್ಲು, ಸೋಗೆ ಹೊದೆಸುತ್ತಿದ್ದ ಮಲೆನಾಡಿನ ಮನೆಗಳಿಗೆ ಘಟ್ಟದ ಕೆಳಗಿನಿಂದ ಗಾಡಿಯಲ್ಲಿ ಹಂಚು ಏರಿ ಬಂದಿತು. ಇಂದು ಆ ಮನೆಗಳೇ ಒಂದೊಂದಾಗಿ ಬಿಚ್ಚಲ್ಪಟ್ಟು ತಾರಸಿ ಮನೆಗಳಾಗುತ್ತಿವೆ. ಅಂಗಳದ ಅಂಚಿನಲ್ಲಿ ಒಟ್ಟಿಟ್ಟ ಹಂಚಿನ ರಾಶಿಯನ್ನು ನೀವೆಲ್ಲರೂ ಕಂಡಿರುತ್ತೀರಿ.

ಅಂತಹ ಒಂದು ರಾಶಿಯಿಂದ ನಾನು ಸಾವಿರ ಹಂಚು ತಂದೆ. ಅಣ್ಣತಮ್ಮಂದಿರು ಪಾಲಾಗಿ ಬಿಚ್ಚಿದ ಮನೆಯದು ಅದು. ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ನನ್ನ ಕೊಟ್ಟಿಗೆಗೆ 1,200 ಬೇಕಾಗಿತ್ತು. ಸಾಲದೆ ಬಂದ 200ನ್ನು ಇನ್ನೊಂದೂರಿನ ಮನೆಯಿಂದ ಹೊಂದಿಸಿದೆ. ಪ್ರತಿಯೊಂದನ್ನೂ ಬೆರಳಿನಿಂದ ಬಡಿದು ನೋಡಿ, ಕಂಚಿನಂತೆ ನಾದ ಕೊಟ್ಟದ್ದನ್ನು ಇಟ್ಟುಕೊಂಡು, ಬೊದ್ದು ಸದ್ದು ಮಾಡಿದ್ದನ್ನು ಬದಿಗಿಟ್ಟೆ. ಇಷ್ಟು ಜಾಣತನ ನನಗಿತ್ತು. ಆದರೆ ಹಂಚನ್ನು ಮಗುಚಿ ನೋಡುವ ಜಾಣತನ ಇರಲಿಲ್ಲ. ಹಂಚಿನ ಮೈಯಲ್ಲಿ ಕಾರ್ಖಾನೆಯ ಹೆಸರನ್ನು ಅಚ್ಚೊತ್ತಿರುತ್ತಾರೆ. ಒಂದೊಂದು ಕಾರ್ಖಾನೆಯ ಅಚ್ಚಿನ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಒಂದರ ಗಾಡಿಯೊಳಗೆ ಇನ್ನೊಂದರ ಏಣು ಸರಿಯಾಗಿ ಕೂರುವುದಿಲ್ಲ. ಮನೆಯವರೇ ಸೇರಿ ಹೊದೆಸಿದೆವು. ಮೊದಲ ಮಳೆಗೆ ಎರಡೂ ಬಗೆಯ ಹಂಚು ಸೇರಿದ ಸಾಲಿನುದ್ದಕ್ಕೂ ನೀರು ಸುರಿದು ದನಗಳು ರಾತ್ರಿಯಿಡೀ ನಿಂತೇ ಇದ್ದವು. ಮರುದಿನ ಬಂದ ಬಡಗಿ ಮೇಲೆ ಹತ್ತಿ ನೋಡಿ, "ಕುಲಗೋತ್ರ ನೋಡ್ದೆ ಸಂಬಂಧ ಬೆಳೆಸಿದ್ರಲ್ಲ ಮೇಷ್ಟ್ರೆ" ಎಂದ. ಕೊನೆಗೆ ಆ 200ನ್ನು ಕೆಳಗಿಳಿಸಿ ಒಂದು ಬದಿಗೆ ಸೋಗೆಯನ್ನೇ ಹೊದೆಸಬೇಕಾಯಿತು.

ಹೀಗಿದ್ದೂ ಸಂತೋಷವೆಂದೆನಲ್ಲ, ಅದಕ್ಕೆ ಕಾರಣವಿದೆ. ಹಂಚನ್ನು ಸುಡಲು ಬೇಕಾದ ಬೆಂಕಿ ಎಂದೋ ಉರಿದು ಆರಿದೆ. ಆ ಸೌದೆ, ಆ ಮಣ್ಣು, ಆ ಹೊಗೆ ಎಲ್ಲವೂ ನಮ್ಮ ಅಜ್ಜಂದಿರ ಕಾಲದ ಲೆಕ್ಕಕ್ಕೆ ಸೇರಿಹೋಗಿವೆ. ಮಾಡಿನ ಮೇಲೆ ಕುಳಿತ ಹಂಚು ಇನ್ನು ಏನನ್ನೂ ಉಣ್ಣುವುದಿಲ್ಲ, ಏನನ್ನೂ ಉಗುಳುವುದಿಲ್ಲ. ನಾನು ಅದನ್ನು ತರದಿದ್ದರೆ ಯಾವುದೋ ರಸ್ತೆಯ ಹೊಂಡ ತುಂಬಲು ಹೋಗುತ್ತಿತ್ತು. ನನ್ನ ಕೊಟ್ಟಿಗೆಗೆ ಹೊಸ ಶೀಟು ಬರುತ್ತಿತ್ತು, ಎಲ್ಲೋ ಒಂದು ಗುಡ್ಡದ ಅದಿರು ಅದಕ್ಕಾಗಿ ಮೇಲೇಳುತ್ತಿತ್ತು. ಗುಡ್ಡದ ಮಾತು ಉತ್ಪ್ರೇಕ್ಷೆಯಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು ಸುಪ್ರೀಂ ಕೋರ್ಟು 2002ರಲ್ಲಿ ಕೊಟ್ಟ ತೀರ್ಪಿನಂತೆ, 2005ರ ಕೊನೆಯಲ್ಲಿ. ಭದ್ರೆಯ ನೀರು ಮಳೆಗಾಲದಲ್ಲಿ ಕೆಂಪಾಗಿ ಹರಿದದ್ದನ್ನು ಕಂಡ ಹಿರಿಯರು ಇಲ್ಲಿದ್ದಾರೆ. ಗಣಿಯ ಕೆಸರನ್ನು ತಡೆಯಲು ಕಟ್ಟಿದ ಲಖ್ಯಾ ಅಣೆಕಟ್ಟು ಆ ಕೆಸರಿನೊಂದಿಗೆ ಈಗಲೂ ಅಲ್ಲಿಯೇ ಇದೆ. ಹೊಸ ಕಬ್ಬಿಣವೆಂದರೆ ಇಂತಹದೊಂದು ಗುಡ್ಡ.

ಇನ್ನು ಫ್ರಿಜ್ಜು. ಪೇಟೆಯ ಅಂಗಡಿಯೊಂದರಲ್ಲಿ ಹೊಸದರ ಕಾಲುಭಾಗದ ಬೆಲೆಗೆ ಸಿಕ್ಕಿತು. ಹಳೆಯ ವಸ್ತುವನ್ನು ಉಳಿಸಿದೆನೆಂಬ ಹೆಮ್ಮೆಯೂ ಇತ್ತು. ಬಾಗಿಲಿನ ರಬ್ಬರು ಸಡಿಲವಾಗಿದ್ದುದರಿಂದ ಅದರ ಯಂತ್ರ ನಿಂತು ಉಸಿರಾಡಿದ್ದೇ ಅಪರೂಪ. ಒಂದು ದಿನ ಮಗಳು ಚಿಕ್ಕ ಮೀಟರನ್ನು ತಂದು ಪ್ಲಗ್ಗಿಗೆ ಸಿಕ್ಕಿಸಿದಳು. ಅದು ದಿನಕ್ಕೆ ಎರಡೂವರೆ ಯೂನಿಟ್ ಉಣ್ಣುತ್ತಿತ್ತು. ಅನಂತರ ತಂದ ಹೊಸದು ಮುಕ್ಕಾಲು ಯೂನಿಟ್ಟಿಗೆ ತೃಪ್ತವಾಗಿದೆ. ವ್ಯತ್ಯಾಸವನ್ನು ವರ್ಷಕ್ಕೆ ಗುಣಿಸಿ ನೋಡಿ: 600 ಯೂನಿಟ್ಟಿಗೂ ಹೆಚ್ಚು. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತೆಗೆಯಲು ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಸುಡಬೇಕು. ಅಂದರೆ ನನ್ನ ಮಿತವ್ಯಯದ ಹೆಸರಿನಲ್ಲಿ ವರ್ಷಕ್ಕೆ ಮೂರು ಕ್ವಿಂಟಲಿಗೂ ಮಿಕ್ಕಿದ ಕಲ್ಲಿದ್ದಲು ಹೊಗೆಯಾಗುತ್ತಿತ್ತು. ನಮ್ಮದು ಜಲವಿದ್ಯುತ್ತಲ್ಲವೇ ಎನ್ನುವವರಿಗೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯನ್ನು ಮಾತ್ರ ನೆನಪಿಸುತ್ತೇನೆ. ಅದರ ಹಿನ್ನೀರಿನ ಕೆಳಗೆ ಊರು ಬಿಟ್ಟು ಬಂದ ಕುಟುಂಬಗಳ ಮೊಮ್ಮಕ್ಕಳು ನಿಮ್ಮಲ್ಲಿಯೂ ಇರಬಹುದು.

ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಹೊಸದು ಹಳೆಯದೆಂಬ ವಿಂಗಡಣೆಯೇ ಸಾಲದೆಂದು ನನಗೆ ತೋರಿತು. ಕೇಳಬೇಕಾದದ್ದು ಬೇರೆ. ಈ ವಸ್ತು ತನ್ನ ಕೆಡುಕನ್ನು ಮಾಡುವುದು ಹುಟ್ಟುವಾಗಲೋ, ಬದುಕುವಾಗಲೋ, ಸಾಯುವಾಗಲೋ? ಹುಟ್ಟುವಾಗ ಮಾಡುವುದಾದರೆ ಹಳೆಯದೇ ಲೇಸು. ಮೇಜು, ಮಂಚ, ಕಪಾಟು, ಹಿತ್ತಾಳೆ ಪಾತ್ರೆ, ಬೈಸಿಕಲ್ಲು, ಬಟ್ಟೆ, ಪುಸ್ತಕ ಎಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಪುಸ್ತಕ ಕೊಂಡು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಠ್ಯ ಬದಲಾಗಿದೆಯೇ ಎಂದು ನೋಡಿಕೊಂಡರೆ ಸಾಕು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಹಿಳೆಯರು ಹರಿದ ಸೀರೆ, ಅಂಗಿಗಳನ್ನು ಕೂಡಿಸಿ ಹೊಲಿಯುವ ಕೌದಿಗಳನ್ನು ನೋಡಿ. ಬಟ್ಟೆ ಅಲ್ಲಿ ಎರಡನೆಯ ಜನ್ಮವನ್ನು ಪಡೆಯುತ್ತದೆ, ಮೊದಲನೆಯದಕ್ಕಿಂತ ಚೆಲುವಾದದ್ದನ್ನು.

ಬದುಕುವಾಗ ಉಣ್ಣುವ ವಸ್ತುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತಾಮ್ರದ ಚೋಕಿನ ಹಳೆಯ ಟ್ಯೂಬ್‌ಲೈಟು 50 ವ್ಯಾಟ್ ಉಣ್ಣುವಲ್ಲಿ ಎಲ್‌ಇಡಿ 20ರಲ್ಲಿ ಅದೇ ಬೆಳಕನ್ನು ಕೊಡುತ್ತದೆ. ಎರಡು ಮೂರು ಬಾರಿ ಕಾಯಿಲ್ ಸುತ್ತಿಸಿದ ಪಂಪಿನ ಮೋಟಾರು ತೋಟಕ್ಕೆ ಕಡಿಮೆ ನೀರೆತ್ತಿ ಹೆಚ್ಚು ವಿದ್ಯುತ್ ಬಳಸುವುದು ಸಾಮಾನ್ಯ. ಆದರೆ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪಿಗೆ ವಿದ್ಯುತ್ ಉಚಿತ. ಮನೆಗೆ 2023ರಲ್ಲಿ ಗೃಹಜ್ಯೋತಿಯೂ ಬಂತು. ಬಡ ಮನೆಗಳಿಗೆ ಅದು ದೊಡ್ಡ ಆಸರೆ, ಅದನ್ನು ನಾನು ಟೀಕಿಸುತ್ತಿಲ್ಲ. ಬಿಲ್ಲಿನಲ್ಲಿ ಕಾಣದಿದ್ದ ಮಾತ್ರಕ್ಕೆ ಖರ್ಚು ಇಲ್ಲವೆಂದಾಗುವುದಿಲ್ಲ, ಅಷ್ಟೆ. ಬಳಸಿದ ಫ್ರಿಜ್ಜನ್ನೇ ಕೊಳ್ಳಬೇಕಾದ ಪರಿಸ್ಥಿತಿ ಇರುವವರು 2006ರಲ್ಲಿ ಆರಂಭವಾದ ನಕ್ಷತ್ರದ ಚೀಟಿ ಅದರ ಮೇಲಿದೆಯೇ ಎಂದು ನೋಡಲಿ. ಮುಚ್ಚಿದ ಬಾಗಿಲಿನಲ್ಲಿ ಒಂದು ಕಾಗದವನ್ನು ಸಿಕ್ಕಿಸಿ ಎಳೆಯಲಿ. ಸಲೀಸಾಗಿ ಬಂದರೆ ರಬ್ಬರು ಹೋಗಿದೆಯೆಂದು ಅರ್ಥ.

ಮೊಬೈಲಿನ ಲೆಕ್ಕ ಫ್ರಿಜ್ಜಿಗೆ ತದ್ವಿರುದ್ಧ. ಅದು ಉಣ್ಣುವ ವಿದ್ಯುತ್ ಅತ್ಯಲ್ಪ. ಮಾಲಿನ್ಯದ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಆದ್ದರಿಂದ ವಿದ್ಯಾರ್ಥಿಗಳು ಬಳಸಿದ ಮೊಬೈಲು ಕೊಳ್ಳುವುದು ಸರಿಯಾದದ್ದೇ. ಆದರೆ ಮೂಲ ಬಿಲ್ಲನ್ನು ಕೇಳಿ ಪಡೆಯಿರಿ, 15 ಅಂಕಿಯ ಐಎಂಇಐ ಸಂಖ್ಯೆ ಅದಕ್ಕೆ ಹೊಂದುತ್ತದೆಯೇ ಎಂದು ತಾಳೆ ನೋಡಿ. ಕದ್ದ ಮಾಲನ್ನು ಕೊಂಡರೆ ಪರಿಸರಪ್ರೇಮ ಠಾಣೆಯಲ್ಲಿ ಉಪಯೋಗಕ್ಕೆ ಬಾರದು. ತಯಾರಕರು ಸುರಕ್ಷತಾ ನವೀಕರಣವನ್ನು ನಿಲ್ಲಿಸಿದ ಮೊಬೈಲಿನಲ್ಲಿ ಬ್ಯಾಂಕಿನ ವ್ಯವಹಾರವೂ ಬೇಡ. ಹಾಗೆಯೇ ಹೆಲ್ಮೆಟ್ಟು, ಗ್ಯಾಸಿನ ಪೈಪು, ಸವೆದ ಟಯರು ಇವುಗಳನ್ನು ಯಾರು ಬಿಟ್ಟಿ ಕೊಟ್ಟರೂ ತರಬೇಡಿ. ಕೀಟನಾಶಕದ ಖಾಲಿ ಕ್ಯಾನಿನಲ್ಲಿ ಕುಡಿಯುವ ನೀರನ್ನು ತುಂಬಿಡುವ ಮನೆಗಳನ್ನು ನಾನು ಇಂದಿಗೂ ಕಾಣುತ್ತಿದ್ದೇನೆ. ಇದು ಮರುಬಳಕೆಯಲ್ಲ, ವಿಷಪ್ರಾಶನ.

ಸಾಯುವಾಗ ಕೆಡುಕು ಮಾಡುವ ವಸ್ತುಗಳ ಬಗ್ಗೆ ಹೇಳದೆ ಮುಗಿಸಲಾರೆ. ಮಲೆನಾಡಿಗೆ ಸಂಬಂಧಿಸಿದಂತೆ ನನ್ನನ್ನು ಹೆಚ್ಚು ಕಾಡುವುದು ಇದೇ. ಹಳೆಯ ವಸ್ತು ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ನಗರದಿಂದ ಪೇಟೆಗೆ, ಪೇಟೆಯಿಂದ ಹಳ್ಳಿಗೆ, ಹಳ್ಳಿಯಿಂದ ಗುಡ್ಡದಾಚೆಯ ಒಂಟಿ ಮನೆಗೆ. ಪ್ರತಿ ಹಂತದಲ್ಲಿಯೂ ಬೆಲೆ ಇಳಿಯುತ್ತದೆ, ಆಯುಷ್ಯವೂ ಇಳಿಯುತ್ತದೆ. ಹೀಗಾಗಿ ಇನ್ವರ್ಟರಿನ ಬ್ಯಾಟರಿ ಕೊನೆಯುಸಿರೆಳೆಯುವುದು ಗುಜರಿಯವನು ಕಾಲಿಡದ ಊರಿನಲ್ಲಿ. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸೀಸ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ಲೋಹ. ಆಮ್ಲವನ್ನು ಅಡಿಕೆಮರದ ಬುಡಕ್ಕೋ ಹಳ್ಳದ ದಂಡೆಗೋ ಚೆಲ್ಲಿ ಖಾಲಿ ಡಬ್ಬವನ್ನು ಹೂವಿನ ಕುಂಡವಾಗಿಸಿದ ಮನೆಯನ್ನು ಕಂಡಿದ್ದೇನೆ. ಆ ಹಳ್ಳವೇ ಕೆಳಗಿನ ಮೂರು ಮನೆಗಳಿಗೆ ಅಬ್ಬಿ ನೀರು. ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಇರಬೇಕೆಂದು 2001ರ ನಿಯಮವೇ ಹೇಳಿತ್ತು. 2022ರಲ್ಲಿ ಬಂದ ಹೊಸ ನಿಯಮ ಆ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ. ಆದರೆ ಬಿಲ್ಲಿಲ್ಲದೆ ಮೂರನೆಯ ಕೈಯಿಂದ ಕೊಂಡವನು ಯಾವ ಅಂಗಡಿಯ ಮೆಟ್ಟಿಲು ಹತ್ತಬೇಕು? ಬಳಸಿದ ಬ್ಯಾಟರಿಯನ್ನು ಕೊಳ್ಳುವವನು ಉಳಿದ ಆಯುಷ್ಯವನ್ನಷ್ಟೇ ಅಲ್ಲ, ಅಂತ್ಯಕ್ರಿಯೆಯ ಹೊಣೆಯನ್ನೂ ಕೊಂಡಿರುತ್ತಾನೆ.

ಹಳೆಯ ನಾಟಾದ ಬಗ್ಗೆ ಕೆಲವರು ಕೇಳಿದ್ದೀರಿ. ಮತ್ತಿ, ಹೊನ್ನೆ, ಹಲಸಿನ ಹಳೆಯ ತೊಲೆ, ಪಕಾಸಿಗಳು ಚೆನ್ನಾಗಿ ಒಣಗಿ ಹದವಾಗಿರುತ್ತವೆ, ಹೊಸ ಮರದಂತೆ ಸೊಟ್ಟಗಾಗುವುದಿಲ್ಲ, ಮತ್ತು ಒಂದು ಮರ ಕಾಡಿನಲ್ಲಿ ಉಳಿಯುತ್ತದೆ. ಒರಲೆ, ಕುಟ್ಟೆ ಹುಳು ಇದೆಯೇ ಎಂದು ತಟ್ಟಿ ನೋಡಬೇಕು; ಒಳಗಿನ ಮೊಳೆ ಗರಗಸವನ್ನು ಮುರಿಯುತ್ತದೆ; ಸಾಗಿಸುವ ಮೊದಲು ರಹದಾರಿಯ ಬಗ್ಗೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. ಏಕೆಂದರೆ ಹಳೆಯ ನಾಟಾದ ಹೆಸರಿನಲ್ಲಿ ಹಸಿ ಮರ ಸಾಗುವ ಸಂಭವ ಇದ್ದೇ ಇದೆ. ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಕೆತ್ತನೆಯ ಕಂಬಕ್ಕೂ ದಾರಂದಕ್ಕೂ ರೆಸಾರ್ಟಿನವರು, ನಗರದವರು ಒಳ್ಳೆಯ ಬೆಲೆ ಕೊಡುತ್ತಾರೆಂದು ತಿಳಿದೊಡನೆ, ಇನ್ನೂ ನೂರು ವರ್ಷ ನಿಲ್ಲಬಲ್ಲ ಮನೆಯನ್ನೂ ಬಿಚ್ಚುವ ಆಸೆ ಹುಟ್ಟುತ್ತದೆ. ಮಣಿಪಾಲದ ಹಸ್ತಶಿಲ್ಪದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ಮನೆಯಾಗಿಯೇ ಮತ್ತೆ ಜೋಡಿಸಿ ನಿಲ್ಲಿಸಿದರು. ಅದು ಬೇರೆ ಕೆಲಸ. ಕಂಬವೊಂದನ್ನು ಹೋಟೆಲಿನ ಮುಂದೆ ಅಲಂಕಾರಕ್ಕೆ ನಿಲ್ಲಿಸಿ, ಬಿಚ್ಚಿದ ಮನೆಯ ಜಾಗದಲ್ಲಿ ಸಿಮೆಂಟಿನ ಮನೆ ಎದ್ದರೆ ಕಾಡಿಗೆ ಆದ ಲಾಭವೇನು?

ಮೊಬೈಲಿನ ಎಕ್ಸ್‌ಚೇಂಜ್ ಜಾಹೀರಾತುಗಳಲ್ಲಿಯೂ ಇದೇ ತರ್ಕವಿದೆ. ಹಳೆಯದಕ್ಕೆ ಗಿರಾಕಿ ಇದ್ದಾನೆಂಬ ಧೈರ್ಯದಿಂದಲೇ ನಗರದವನು ವರ್ಷಕ್ಕೊಮ್ಮೆ ಹೊಸದನ್ನು ಕೊಳ್ಳುತ್ತಾನೆ. ಆ ಗಿರಾಕಿ ನಾವು. ಅಗ್ಗವೆಂಬ ಕಾರಣಕ್ಕೆ ಬೇಡದ್ದನ್ನು ಹೊತ್ತು ತಂದು ಅಟ್ಟಕ್ಕೆ ಸೇರಿಸುವವರೂ ನಾವೇ. ನನ್ನ ಅಟ್ಟದಲ್ಲಿ ನಡೆಯದ ಮಿಕ್ಸಿಗಳು ಎರಡಿವೆ.

ಆ ವಿದ್ಯಾರ್ಥಿನಿಗೆ ಇಷ್ಟು ಉತ್ತರ ಸದ್ಯಕ್ಕೆ ಸಾಕೆಂದು ಭಾವಿಸುತ್ತೇನೆ. ಈ ಊರಿನ ಮಟ್ಟಿಗೆ ಒಂದು ಕೆಲಸವನ್ನು ಈ ವಾರವೇ ಮಾಡಬಹುದು. ಶಿಬಿರಾರ್ಥಿಗಳು ನಾಳೆ ಮನೆಮನೆಗೆ ಹೋಗುವಾಗ ಸತ್ತ ಬ್ಯಾಟರಿಗಳು ಎಲ್ಲೆಲ್ಲಿವೆ ಎಂದು ಬರೆದುಕೊಂಡು ಬನ್ನಿ. ಒಂದು ಜೀಪಿಗಾಗುವಷ್ಟು ಸೇರಿದರೆ ಪೇಟೆಯ ಮಾರಾಟಗಾರರಲ್ಲಿಗೆ ಎಲ್ಲರೂ ಸೇರಿಯೇ ಒಯ್ಯೋಣ. ಹಾಗೆಯೇ ಯಾರದಾದರೂ ಅಂಗಳದಲ್ಲಿ ಹಳೆಯ ಹಂಚಿನ ರಾಶಿ ಕಂಡರೆ ಒಂದನ್ನು ಮಗುಚಿ ಹೆಸರನ್ನು ಓದಿಕೊಂಡು ಬನ್ನಿ. ನನ್ನ ಕೊಟ್ಟಿಗೆಗೆ ಇನ್ನೂ 200 ಹಂಚು ಬೇಕಾಗಿದೆ.