ಶಾಲೆಯ ಋಣ
(ವಾರ್ಷಿಕ ನಿಧಿಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಚಪಾತಿ ಪಲ್ಯ ಕಟ್ಟಿಕೊಂಡು ಹೊರಟು, ಐ-94 ಹೆದ್ದಾರಿಯಲ್ಲಿ ಐದು ಗಂಟೆ ಕಾರು ಓಡಿಸಿಕೊಂಡು ಬಂದಿದ್ದೇವೆ. ಊಟಕ್ಕೆ ಮೊದಲು ಮಾತಾಡುವವನು ಬೇಗ ಮುಗಿಸಬೇಕು ಎಂದು ನನ್ನ ಶ್ರೀಮತಿ ದಾರಿಯುದ್ದಕ್ಕೂ ಎಚ್ಚರಿಸಿದ್ದಾರೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಅಕ್ಕ ವಿಶ್ವ ಕನ್ನಡ ಸಮ್ಮೇಳನ 2002ರಲ್ಲಿ ನಿಮ್ಮ ಡೆಟ್ರಾಯಿಟ್‌ನಲ್ಲಿ, 2008ರಲ್ಲಿ ನಮ್ಮ ಷಿಕಾಗೋದಲ್ಲಿ ನಡೆಯಿತು. ಅಂತಹ ಕಡೆ ಇಬ್ಬರು ಕನ್ನಡಿಗರು ಭೇಟಿಯಾದರೆ ಮೊದಲ ಪ್ರಶ್ನೆ “ಯಾವ ಊರು?”, ಎರಡನೆಯದು “ಯಾವ ಸ್ಕೂಲು?” ಎಂಬುದು ತಾನೆ? ಒಂದೇ ಶಾಲೆ ಎಂದು ಗೊತ್ತಾದರಂತೂ ಮುಗಿಯಿತು. ಪಕ್ಕದಲ್ಲಿ ನಿಂತ ಹೆಂಡತಿ ಮಕ್ಕಳು ಮರೆತೇ ಹೋಗುತ್ತಾರೆ. ನಲವತ್ತು ವರ್ಷದ ಹಿಂದಿನ ಡ್ರಿಲ್ ಮೇಷ್ಟರ ಸೀಟಿ ಮತ್ತೆ ಕೇಳಿಸುತ್ತದೆ.

ಇಂದು ಅಂತಹ ಒಂದು ಹಳೆಯ ಶಾಲೆಯನ್ನು, ಅದರ ಒಬ್ಬ ಹಳೆಯ ವಿದ್ಯಾರ್ಥಿಯನ್ನು ನೆನೆಯಲು ಇಷ್ಟಪಡುತ್ತೇನೆ. ಬೆಂಗಳೂರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಲ್ಲಿ, ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣ ಚಳವಳಿಯ ಪ್ರೇರಣೆಯಿಂದ ಆರಂಭವಾಯಿತು. ಸರ್ಕಾರದ ಶಾಲೆಯಲ್ಲ, ಸಾರ್ವಜನಿಕರ ನೆರವಿನಿಂದ ಬೆಳೆದ ಖಾಸಗಿ ಶಾಲೆ. 2017ಕ್ಕೆ ನೂರು ವರ್ಷ ತುಂಬಿತು. ನಮ್ಮ ಅನಿಲ್ ಕುಂಬ್ಳೆ ಓದಿದ್ದು ಅಲ್ಲಿಯೇ ಎಂದರೆ ಇಲ್ಲಿರುವ ಮಕ್ಕಳಿಗೂ ಗುರುತು ಸಿಗುತ್ತದೆ.

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಹುಡುಗ ಆ ಶಾಲೆಗೆ ಹೊರಟ. ತೀರಾ ಬಡ ಕುಟುಂಬ. ಊರಿನಲ್ಲಿ ಪಾಠ ಹೇಳಿದ್ದ ಗುರುಗಳಾದ ಎಂ.ಎಸ್. ನಾರಾಯಣರಾಯರು ಬೆಂಗಳೂರಿಗೆ ಬಂದು ಓದು ಮುಂದುವರಿಸುವಂತೆ ಹುಡುಗನಿಗೆ ತಿಳಿಸಿದ್ದರು. ಬಸ್ಸಿಗೆ ದುಡ್ಡಿಲ್ಲದೆ ಆತ ಎರಡು ದಿನ ನಡೆದೇ ಬೆಂಗಳೂರು ಸೇರಿದ. ಶಾಲೆ ಸೇರಿಸಿಕೊಂಡಿತು. ಬಡ ವಿದ್ಯಾರ್ಥಿಗಳ ನಿಲಯವೊಂದು ಅನ್ನ, ವಸತಿ ಕೊಟ್ಟಿತು. ಆ ಹುಡುಗನೇ ಮುಂದೆ ನಾಡಿನ ಮನೆಮಾತಾದ ಡಾ. ಎಚ್. ನರಸಿಂಹಯ್ಯನವರು.

1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಹೊರಬಂದು ಓದು ಮುಗಿಸಿ, ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದದ್ದು ಎಲ್ಲಿ ಗೊತ್ತೆ? ಇಲ್ಲೇ ನಮ್ಮ ನೆರೆಯ ಕೊಲಂಬಸ್‌ನಲ್ಲಿ, ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಮುಂದೆ ನಮ್ಮ ಇಲಿನಾಯ್ ರಾಜ್ಯದ ದಕ್ಷಿಣದ ಕಾರ್ಬನ್‌ಡೇಲ್‌ನಲ್ಲಿಯೂ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ನಮ್ಮ ಹಾಗೆಯೇ ಈ ಚಳಿ, ಈ ಹಿಮ ಕಂಡವರು. ಆದರೆ ಅವರು ವಾಪಸು ಹೋದರು. ಕಾಲೇಜಿನ ಪ್ರಾಂಶುಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. 1984ರಲ್ಲಿ ಪದ್ಮಭೂಷಣ ಬಂತು. ಇಷ್ಟಾದರೂ ಖಾದಿ ಬಿಡಲಿಲ್ಲ, ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. 2005ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಕಾಲೇಜು ಹಾಸ್ಟೆಲಿನ ಒಂದು ಕೋಣೆಯೇ ಅವರ ಮನೆ.

ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ತಮ್ಮನ್ನು ಬೆಳೆಸಿದ ಸಂಸ್ಥೆಯ ಋಣವನ್ನು ಅವರು ಬಸವನಗುಡಿಯಲ್ಲಿ ಮಾತ್ರ ತೀರಿಸಲಿಲ್ಲ. ಜನರ ಮುಂದೆ ಕೈಯೊಡ್ಡಿ ಹಣ ಕೂಡಿಸಿ, ಆ ಸಂಸ್ಥೆಯ ಕಾಲೇಜುಗಳನ್ನು ಗೌರಿಬಿದನೂರಿಗೂ ಬಾಗೇಪಲ್ಲಿಗೂ ಒಯ್ದರು. ತಮ್ಮಂತಹ ಹುಡುಗರು ಓದಿಗಾಗಿ ದೂರ ಹೋಗಬೇಕಾದ ಸೀಮೆಗೇ ಓದನ್ನು ತಂದರು.

ಈಗ ನನ್ನ ಕಥೆ. ಇದನ್ನು ಹೇಳಲು ಸ್ವಲ್ಪ ನಾಚಿಕೆ. ನಾನು ಓದಿದ್ದು ಒಂದು ಸಣ್ಣ ಊರಿನ ಹಳೆಯ ಶಾಲೆಯಲ್ಲಿ. ಹೆಸರು ಬೇಡ, ಏಕೆಂದರೆ ತಪ್ಪು ಶಾಲೆಯದಲ್ಲ, ನನ್ನದು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫೀಸಿಗೆ ಮನೆಯಲ್ಲಿ ಹಣವಿಲ್ಲದಾಗ ನಮ್ಮ ಗಣಿತದ ಮೇಷ್ಟರು ತಮ್ಮ ಕೈಯಿಂದ ಕಟ್ಟಿ, “ನಿಮ್ಮಪ್ಪನಿಗೆ ಹೇಳಬೇಡ, ನೊಂದುಕೊಂಡಾರು” ಎಂದಿದ್ದರು. ಅಮೆರಿಕಕ್ಕೆ ಬಂದು ಬಹಳ ವರ್ಷಗಳಾದ ಮೇಲೆ ನಾವು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಹಣ ಕಳಿಸಿ ಎರಡು ಕೊಠಡಿ ಕಟ್ಟಿಸಿದೆವು. ಬಾಗಿಲ ಮೇಲೆ ಗ್ರಾನೈಟ್ ಕಲ್ಲು, ಕಲ್ಲಿನ ಮೇಲೆ ನಮ್ಮ ಹೆಸರು. ರಜೆಯಲ್ಲಿ ಹೋದಾಗ ಹಾರ ಹಾಕಿದರು, ಫೋಟೋ ತೆಗೆದರು. ಕೊನೆಗೆ ಹೆಡ್‌ಮಾಸ್ಟರು ಮೆಲ್ಲಗೆ ಹೇಳಿದರು: “ರೂಮುಗಳು ಚೆನ್ನಾಗಿವೆ ಸಾರ್. ಆದರೆ ಎಂಟನೇ ಕ್ಲಾಸಿನ ಮೂರು ಹೆಣ್ಣುಮಕ್ಕಳು ಈ ವರ್ಷ ಬಿಟ್ಟರು. ಅವರ ಹಳ್ಳಿಗೆ ಸಾಯಂಕಾಲ ಬಸ್ಸಿಲ್ಲ.”

ನಾನು ಮೇಷ್ಟರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಮನೆಯವರಿಗೆ ಫೀಸಿನ ಸಂಗತಿ ಹೇಳಿದೆ. “ಹೌದೇನಪ್ಪ? ನಮಗೂ ಹೇಳಲಿಲ್ಲ. ನಿನ್ನ ಹಾಗೆ ಇನ್ನೆಷ್ಟು ಹುಡುಗರೋ” ಎಂದರು. ಒಂದು ಲೋಟ ಕಾಫಿ ಕೊಟ್ಟರು. ಅವರ ಗಂಡನ ಹೆಸರು ಯಾವ ಕಲ್ಲಿನ ಮೇಲೂ ಇರಲಿಲ್ಲ.

ಬಂಧುಗಳೆ, ಶಾಲೆಗೆ ಕಟ್ಟಡ ಬೇಡವೆಂದು ನಾನು ಹೇಳುತ್ತಿಲ್ಲ. ಸೋರುವ ಸೂರಿನ ಕೆಳಗೆ ಕುಳಿತು ಓದಿದವರಿಗೆ ಅದರ ಬೆಲೆ ಗೊತ್ತು. ಆದರೆ ಕಟ್ಟಡಕ್ಕೆ ಕೊಡುವಾಗ ಒಮ್ಮೆ ಕೇಳಿ: ಮಕ್ಕಳು ಅದರೊಳಗೆ ಬರುವುದು ಹೇಗೆ? ರಾತ್ರಿ ಉಳಿಯುವುದೆಲ್ಲಿ? ಉಣ್ಣುವುದೇನು? ನರಸಿಂಹಯ್ಯನವರಿಗೆ ಶಾಲೆಯೂ ಬೇಕಾಗಿತ್ತು, ನಿಲಯದ ಅನ್ನವೂ ಬೇಕಾಗಿತ್ತು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಅವರು ಊರಿಗೆ ಮರಳಬೇಕಾಗುತ್ತಿತ್ತು.

ಆ ರಜೆಯ ನಂತರ ನಮ್ಮ ಗೆಳೆಯರ ಗುಂಪು ಹೊಸ ಕಲ್ಲು ಹಾಕಿಸಿಲ್ಲ. ಊರಿನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು, ಅಡುಗೆಗೆ ಒಬ್ಬರನ್ನು ಇಟ್ಟು, ದೂರದ ಹಳ್ಳಿಯ ಹೆಣ್ಣುಮಕ್ಕಳು ಉಳಿಯುವಂತೆ ಮಾಡಿದ್ದೇವೆ. ಬಿಟ್ಟುಹೋಗಿದ್ದ ಮೂವರಲ್ಲಿ ಇಬ್ಬರು ಮರಳಿ ಬಂದರು. ಮೂರನೆಯವಳಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ಅದು ಇಂದಿಗೂ ನನ್ನನ್ನು ಕಾಡುತ್ತದೆ. ನಾವು ಕಲ್ಲಿನ ಮೇಲೆ ಯಾರ ಹೆಸರು ಮೊದಲು ಬರಬೇಕೆಂದು ಚರ್ಚಿಸುತ್ತಿದ್ದ ವರ್ಷವೇ ಅವಳು ಶಾಲೆ ಬಿಟ್ಟದ್ದು.

ನಿಮ್ಮ ಮೇಜಿನ ಮೇಲೆ ಒಂದೊಂದು ಲಕೋಟೆ ಇಟ್ಟಿದ್ದಾರೆ. ಅದನ್ನು ತುಂಬುವ ಮೊದಲು, ನಿಮ್ಮ ಫೀಸು ಕಟ್ಟಿದವರು, ಪುಸ್ತಕ ಕೊಟ್ಟವರು, ವಾರಾನ್ನ ಹಾಕಿದವರು ಯಾರಾದರೂ ಇದ್ದರೆ ಒಂದು ನಿಮಿಷ ನೆನೆಸಿಕೊಳ್ಳಿ. ಅವರು ಇನ್ನೂ ಇದ್ದರೆ ನಾಳೆ ಬೆಳಿಗ್ಗೆ ಫೋನು ಮಾಡಿ. ನಾನು ತಡಮಾಡಿದೆ, ನೀವು ಮಾಡಬೇಡಿ.

ಬಿಸಿಬೇಳೆಭಾತಿನ ಪರಿಮಳ ಬರುತ್ತಿದೆ. ನಿಮ್ಮನ್ನು ಇನ್ನು ಕಾಯಿಸುವುದಿಲ್ಲ.