ಅಣುಬಾಂಬಿನ ತೀರ್ಮಾನ: ನೋಟೀಸಿಗೆ ಮುಂಚಿನ ಡಿಕ್ರಿ

(ಬೆಂಗಳೂರಿನ ಬಾಪೂಜಿ ನಗರದಲ್ಲಿ ಮಾಡಿದ ಭಾಷಣ)



ಅಣುಬಾಂಬಿನಿಂದ ಲೋಕದಲ್ಲಿ ಅಹಿಂಸೆ ನೆಲಸುವುದೆಂಬ ವಾದವನ್ನು ಬಾಪೂಜಿಯವರು 1946ರ ಜುಲೈಯಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ತಳ್ಳಿಹಾಕಿದರು. ಅವರ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿ ಹಿರೋಷಿಮಾದ ಮಾತೆತ್ತುವುದು ಅಪ್ರಸ್ತುತವಾಗದು.

ನಮ್ಮ ಊರಿಗೂ ಆ ಕಥೆಗೂ ತಾರೀಖಿನ ನಂಟೊಂದುಂಟು. 1945ನೆಯ ಇಸವಿ ಜೂನ್ 1ರಂದು, ಇದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಕೆಲಸವನ್ನಾರಂಭಿಸಿತು. ಮುಂಬಯಿಗೆ ಹೋದದ್ದು ಆಮೇಲೆ. ಅದೇ ದಿನ ವಾಷಿಂಗ್ಟನ್ನಿನಲ್ಲಿ ಯುದ್ಧಮಂತ್ರಿ ಸ್ಟಿಮ್ಸನ್ನರ ಸಮಿತಿಯು, ಕಾರ್ಮಿಕರ ಮನೆಗಳಿಂದ ಸುತ್ತುವರಿದ ಕಾರ್ಖಾನೆಯೊಂದರ ಮೇಲೆ, ಮುನ್ನೆಚ್ಚರಿಕೆ ಕೊಡದೆಯೇ ಬಾಂಬನ್ನು ಹಾಕಬೇಕೆಂದು ಸಲಹೆ ಮಾಡಿತು. 1974ರ ಪೋಖ್ರಾನ್ ಪ್ರಯೋಗದ ಮುಂದಾಳು ರಾಜಾ ರಾಮಣ್ಣನವರು ನಮ್ಮ ತುಮಕೂರಿನವರು. ಆದುದರಿಂದ ಇದನ್ನು ಪರರ ಮನೆಯ ವ್ಯಾಜ್ಯವೆನ್ನಲಾರೆವು.

ಪ್ರತಿವಾದಿಯ ಮಾತನ್ನು ಮೊದಲು ಕೇಳಬೇಕಾದದ್ದು ವಕೀಲಿಯ ಧರ್ಮ. ಒಕಿನಾವಾ ದ್ವೀಪವೊಂದಕ್ಕೇ 12,000ಕ್ಕೂ ಮೀರಿ ಅಮೆರಿಕನ್ ಯೋಧರು ಮಡಿದಿದ್ದರು. ನವೆಂಬರ್ 1ಕ್ಕೆ ಕ್ಯೂಷುವಿನ ಮೇಲೆ ದಂಡೆತ್ತುವುದೆಂದು ಗೊತ್ತಾಗಿತ್ತು. ಏಷ್ಯದಲ್ಲಿ ಜಪಾನೀ ಸೈನ್ಯ ನಡೆಸಿದ ಕ್ರೌರ್ಯವೂ ಸುಳ್ಳಲ್ಲ. ಬಾಂಬಿನಿಂದ ಪ್ರಾಣಗಳುಳಿದುವೆಂಬ ವಾದವನ್ನು ಹಗುರವಾಗಿ ಎಣಿಸಲಾಗದು. ಆದರೆ ಹತ್ತು ಲಕ್ಷ ಸಾವುನೋವುಗಳ ಅಂಕಿಯನ್ನು ಸ್ಟಿಮ್ಸನ್ನರು ಪತ್ರಿಕೆಯಲ್ಲಿ ಬರೆದದ್ದು 1947ರಲ್ಲಿ. ಅಮೆರಿಕದ ಸರ್ಕಾರಿ ಸಮೀಕ್ಷೆಯೇ 1946ರಲ್ಲಿ, ಬಾಂಬು ಬೀಳದಿದ್ದರೂ 1945 ಮುಗಿಯುವುದರೊಳಗೆ ಜಪಾನು ಶರಣಾಗುತ್ತಿತ್ತೆಂದು ಹೇಳಿತ್ತು. ನಡೆಯದೆ ಹೋದ ಸಂಗತಿಯ ಲೆಕ್ಕ ಯಾವ ಪಕ್ಷದ್ದಾದರೂ ಅದು ಸಾಕ್ಷ್ಯವಲ್ಲ. ಎರಡನ್ನೂ ಬದಿಗಿಡೋಣ.

ಕಾಗದಪತ್ರಗಳನ್ನು ನೋಡೋಣ. ಬಾಂಬು ಹಾಕುವ ಆಜ್ಞೆಯ ತಾರೀಖು ಜುಲೈ 25. ಶರಣಾಗತರಾಗಿರೆಂದು ಜಪಾನಿಗೆ ಪಾಟ್ಸ್‌ಡಾಂ ಘೋಷಣೆ ಹೊರಟದ್ದು ಜುಲೈ 26. ನೋಟೀಸಿಗೆ ಮೊದಲೇ ಡಿಕ್ರಿ! ಆ ನೋಟೀಸಿನಲ್ಲಾದರೂ ಅಣುಬಾಂಬಿನ ಹೆಸರಿಲ್ಲ. ಜಪಾನು ಒಪ್ಪಿದ್ದರೆ ಆಜ್ಞೆಯನ್ನು ಹಿಂತೆಗೆಯಬಹುದಿತ್ತೆಂದು ಹೇಳುವವರಿದ್ದಾರೆ, ಇರಲಿ. ಆಗಸ್ಟ್ 6ರ ಹಿರೋಷಿಮಾದ ತರುವಾಯದ ಮಾತೇನು? ಮುಂದಿನ ಬಾಂಬುಗಳನ್ನು ಸಿದ್ಧವಾದಂತೆಲ್ಲ ಹಾಕತಕ್ಕದ್ದೆಂದು ಅದೇ ಆಜ್ಞೆಯಲ್ಲಿತ್ತು. ನಾಗಸಾಕಿಗೆ ಬೇರೆ ಆಜ್ಞೆಯೇ ಬೇಕಾಗಲಿಲ್ಲ. ಆಗಸ್ಟ್ 9ರ ಗುರಿಯಾದರೂ ಕೊಕುರಾ. ಅಲ್ಲಿ ಮಬ್ಬು ಕವಿದಿತ್ತೆಂದು ವಿಮಾನವು ನಾಗಸಾಕಿಗೆ ತಿರುಗಿತು. ವರ್ಷಾಂತ್ಯದೊಳಗೆ ಅಲ್ಲಿ ಸತ್ತವರು ಸುಮಾರು 70,000 ಮಂದಿ.

ಉಪಾಧ್ಯಾಯ ಮಿತ್ರರೇ, ಬಾಂಬು ಬಿದ್ದಿತು, ಯುದ್ಧ ಮುಗಿಯಿತು ಎಂದು ಮಕ್ಕಳಿಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಈ ತಾರೀಖುಗಳನ್ನೂ ಕರಿಹಲಗೆಯ ಮೇಲೆ ಬರೆಯಿರೆಂದು ಬೇಡುತ್ತೇವೆ. ಕಡೆಗೆ ಇನ್ನೊಂದನ್ನು ಸೇರಿಸಿರಿ: ತಮ್ಮ ಅಪ್ಪಣೆಯಿಲ್ಲದೆ ಮೂರನೆಯ ಬಾಂಬನ್ನು ಹಾಕಕೂಡದೆಂದು ಅಧ್ಯಕ್ಷ ಟ್ರೂಮನ್ನರು ತಡೆದದ್ದು ಆಗಸ್ಟ್ 10ರಂದು.